ಅಜ್ಜಿಯ ಮುಖದ ಮೇಲೆ ಕಬಾಬ್

ವಿಶ್ವಕಪ್ ಫುಟ್‌ಬಾಲ್ ಮುಗಿದ ಮರುವರ್ಷದ ಮಾತು. ರಂಜಾನ್ ಕಳೆದು ದೋಹಾದ ಬಿಸಿಲು ಏರತೊಡಗಿತ್ತು. ಸ್ಟೇಡಿಯಂ, ಹೋಟೆಲು ಎಂದು ವರ್ಷಗಟ್ಟಲೆ ಪುರಸೊತ್ತಿಲ್ಲದೆ ದುಡಿದ ಇಂಟೀರಿಯರ್ ಕಂಪನಿಗಳೆಲ್ಲ ಆಗ ನೊಣ ಹೊಡೆಯುತ್ತ ಕೂತಿದ್ದವು. ಆ ಬೇಸಿಗೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಇಷ್ಟು ದಿನ ಕಾದೆ. ಇಳಿಯುವ ಲಕ್ಷಣ ಕಾಣದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಪುತ್ತೂರಿನ ಕಡೆಯವಳು. ಮದುವೆಯಾಗಿ ಗಂಡ ರಮೇಶರ ಜೊತೆ ಕತಾರಿಗೆ ಬಂದವಳು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮರಗೆಲಸದ ಕಂಪನಿಯೊಂದರ ಆಫೀಸು ಸೇರಿಕೊಂಡೆ. ಹುದ್ದೆಯ ಹೆಸರು ಕೋಆರ್ಡಿನೇಟರ್. ಕೆಲಸವೆಂದರೆ ಗ್ರಾಹಕರ ಫೋನ್ ಎತ್ತುವುದು, ವರ್ಕ್‌ಶಾಪಿನವರ ಹಿಂದೆ ಬೀಳುವುದು, ಬಾಸ್ ಮರೆತದ್ದನ್ನೆಲ್ಲ ನೆನಪಿಸುವುದು. ಬಾಸ್ ಪ್ರವೀಣಣ್ಣ ನಮ್ಮ ಕರಾವಳಿಯವರೇ, ಮೂಲ್ಕಿ ಹತ್ತಿರದವರು. ನಮ್ಮ ಆಫೀಸಿನ ಭಾಷೆ ತುಳು, ಕನ್ನಡ, ಇಂಗ್ಲಿಷ್ ಮೂರೂ ಸೇರಿದ ಕಲಸುಮೇಲೋಗರ. ಪ್ರವೀಣಣ್ಣ ಕೆಟ್ಟ ಮನುಷ್ಯರೆಂದು ಆಗ ನನಗೆ ಅನಿಸಿರಲಿಲ್ಲ. ಸಂಬಳ ತಡ ಮಾಡಿದವರಲ್ಲ, ಯಾರಿಗಾದರೂ ಹುಷಾರಿಲ್ಲವೆಂದರೆ ತಾವೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು. ಊರಿನ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ನೇಮೋತ್ಸವ ಎಂದರೆ ಎಂಥ ದೊಡ್ಡ ಆರ್ಡರ್ ಇದ್ದರೂ ಬಿಟ್ಟು ವಿಮಾನ ಹತ್ತುತ್ತಿದ್ದರು. ವಾಪಸು ಬರುವಾಗ ಎಲ್ಲರಿಗೂ ಗಂಧಪ್ರಸಾದ ತರುತ್ತಿದ್ದರು. ಈ ಕೊನೆಯ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಅಲ್ ಥುಮಾಮಾದ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಎದುರು ಮನೆಗೆ ಅರೋಹಾ ಎನ್ನುವವಳು ಬಾಡಿಗೆಗೆ ಬಂದಿದ್ದಳು. ನ್ಯೂಜಿಲೆಂಡಿನ ಮಾವೋರಿ ಹೆಂಗಸು, ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಎತ್ತರದ ಆಳು, ಗಟ್ಟಿ ನಗು. ಲಿಫ್ಟಿನಲ್ಲಿ ಸಿಕ್ಕಿ ಸಿಕ್ಕಿ ಪರಿಚಯವಾಗಿ, ಒಂದು ಶುಕ್ರವಾರ ನಾನು ನೀರುದೋಸೆ, ಕೋಳಿಗಸಿ ಹಿಡಿದುಕೊಂಡು ಅವಳ ಬಾಗಿಲು ತಟ್ಟಿದೆ. ಒಳಗೆ ಹೋದರೆ ಎದುರಿಗೇ ಒಂದು ಎತ್ತರದ ಸ್ಟ್ಯಾಂಡ್, ಅದರ ಮೇಲೆ ಕೆಂಪು ಛಾಯೆಯ ಮರದಲ್ಲಿ ಕೆತ್ತಿದ ಹೆಣ್ಣಿನ ಮೂರ್ತಿ. ದೊಡ್ಡ ತಲೆ, ಕಣ್ಣಿಗೆ ನೀಲಿ ಹಸಿರು ಮಿಂಚುವ ಕಪ್ಪೆಚಿಪ್ಪು, ಗಲ್ಲದ ಮೇಲೆ ಹಚ್ಚೆಯ ಗೆರೆಗಳು, ಹೊಟ್ಟೆಯ ಮೇಲೆ ಇಟ್ಟುಕೊಂಡ ಕೈಗೆ ಮೂರೇ ಬೆರಳು. ಕೈಯಲ್ಲಿದ್ದ ಪಾತ್ರೆ ಸುಡುತ್ತಿತ್ತು. ಆ ಮೂರ್ತಿಯ ಪಕ್ಕದಲ್ಲಿ ಜಾಗ ಕಂಡು ಇಡಲು ಹೊರಟೆ.

ಅರೋಹಾ ಬಂದವಳೇ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಡುಗೆ ಮನೆಗೆ ಒಯ್ದಳು. ತಿರುಗಿ ಬಂದು ಮೊದಲು ಮೂರ್ತಿಯ ಹತ್ತಿರ ತನ್ನ ಭಾಷೆಯಲ್ಲಿ ಮೆಲ್ಲನೆ ಏನೋ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಬೇಸರ ಮಾಡಿಕೊಳ್ಳಬೇಡ, ಇವರ ಹತ್ತಿರ ಊಟ ಇಡುವುದಿಲ್ಲ ಎಂದಳು. ಅದು ಅವಳ ಮುತ್ತಜ್ಜಿಯ ತಾಯಿಯಂತೆ. ಕೆತ್ತಿದವರು ಅವಳ ಸೋದರಮಾವ. ಅಜ್ಜಿಯ ಹೆಸರನ್ನೂ ಹೇಳಿದಳು. ಇಲ್ಲಿ ಬರೆಯಲು ಅವಳ ಒಪ್ಪಿಗೆ ಕೇಳಿಲ್ಲವಾದ್ದರಿಂದ ಬರೆಯುವುದಿಲ್ಲ.

ಇದು ನಿನ್ನ ಅಜ್ಜಿಯ ಮೂರ್ತಿಯಾ, ನಮ್ಮ ಮನೆಗಳಲ್ಲಿ ಹಿರಿಯರ ಫೋಟೋ ಇಡುವ ಹಾಗೆ, ಎಂದು ನಾನು ಕೇಳಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ.

"ಫೋಟೋವನ್ನು ನಾನು ನೋಡುತ್ತೇನೆ" ಎಂದಳು ಅರೋಹಾ. "ಇದು ಹಾಗಲ್ಲ. ಇವರು ನನ್ನನ್ನು ನೋಡುತ್ತಾರೆ."

ಅವತ್ತು ಅವಳು ಎಷ್ಟೋ ವಿಷಯ ಹೇಳಿದಳು. ಅವರಲ್ಲಿ ತಪು ಎಂಬ ಮಾತಿದೆ. ನಮ್ಮ ಮಡಿಗೆ ಹತ್ತಿರದ್ದು, ಆದರೆ ಇನ್ನೂ ಆಳದ್ದು. ಮನುಷ್ಯನ ತಲೆ ತಪು, ಹಿರಿಯರ ತಲೆಯಂತೂ ಇನ್ನೂ ಹೆಚ್ಚು. ಬೇಯಿಸಿದ ಆಹಾರ ತಾಗಿದರೆ ಅದು ಹೋಗುತ್ತದೆ. ಹಿಂದಿನ ಕಾಲದಲ್ಲಿ ಒಬ್ಬರ ಹಿರಿಯರ ತಲೆಯನ್ನು ಊಟದ ಪಾತ್ರೆಗೆ ಹೋಲಿಸಿ ಮಾತಾಡಿದರೆ ಸಾಕಿತ್ತಂತೆ, ಯುದ್ಧವೇ ಆಗುತ್ತಿತ್ತು. ಕೆತ್ತುವವನು ಮರದ ಹೊಟ್ಟನ್ನು ಬಾಯಿಂದ ಊದಬಾರದು. ಆ ಹೊಟ್ಟನ್ನು ಅಡುಗೆಯ ಒಲೆಗೆ ಹಾಕಬಾರದು. ಗಲ್ಲದ ಆ ಗೆರೆಗಳು ಚಂದಕ್ಕಲ್ಲ. ಅಜ್ಜಿ ಯಾರ ಮಗಳು, ಯಾವ ನದಿಯ ಕಡೆಯವಳು ಎಂದು ತಿಳಿದವರು ಅದನ್ನು ನೋಡಿಯೇ ಹೇಳುತ್ತಾರೆ. ಮೂರು ಬೆರಳಿನ ಬಗ್ಗೆ ಕೇಳಿದಾಗ ಮಾತ್ರ ನಕ್ಕಳು. ಮಾವ ಒಂದು ಕಾರಣ ಹೇಳುತ್ತಾರೆ, ಪಕ್ಕದ ಊರಿನವರು ಇನ್ನೊಂದು, ಜಗಳ ಇನ್ನೂ ಮುಗಿದಿಲ್ಲ ಎಂದಳು.

ನನಗೆ ವಿಚಿತ್ರ ಅನಿಸಿದ್ದು ಊಟದ ವಿಷಯ. ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸದಿದ್ದರೆ ಅಪಚಾರ, ಇವರಲ್ಲಿ ಬಡಿಸಿದರೆ ಅಪಚಾರ. ಹಾಗಾದರೆ ಅಜ್ಜಿಗೆ ಹಸಿವಾಗುವುದಿಲ್ಲವಾ ಎಂದು ಕೇಳಿಯೇಬಿಟ್ಟೆ. ಅರೋಹಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಅವತ್ತಿನಿಂದ ಆ ಮನೆಗೆ ಹೋದಾಗಲೆಲ್ಲ ನಾನೂ ಅಜ್ಜಿಗೆ ಒಂದು ನಮಸ್ಕಾರ ಹಾಕಿಯೇ ಒಳಗೆ ಹೋಗುತ್ತಿದ್ದೆ. ಮನೆಯಲ್ಲಿ ದೊಡ್ಡವರು ಕೂತಿರುವಾಗ ಮಾತಾಡಿಸದೆ ದಾಟಿ ಹೋಗುವುದು ಹೇಗೆ?

ಈ ಸ್ನೇಹ ನಡೆಯುತ್ತಿರುವಾಗ ಅಜ್ಜಿಯ ಮುಖ ಬಿರುಕು ಬಿಟ್ಟಿತು. ಇಲ್ಲಿ ಇಡೀ ದಿನ ಏಸಿ, ಕಿಟಕಿ ತೆರೆದರೆ ಸುಡುವ ಒಣಗಾಳಿ. ಅವಳ ಊರಿನ ತೇವದಲ್ಲಿ ಬೆಳೆದ ಮರ ತಡೆದುಕೊಳ್ಳಲಿಲ್ಲ. ಹಣೆಯಿಂದ ಹೊರಟ ಸೀಳು ಎಡಗಣ್ಣಿನ ಪಕ್ಕದಿಂದ ಇಳಿದು, ಗಲ್ಲದ ಹತ್ತಿರ ಕೊಕ್ಕೆಯ ಹಾಗೆ ತಿರುಗಿತ್ತು. ಅರೋಹಾ ಬಾಗಿಲು ತೆಗೆದು ನನ್ನನ್ನು ಒಳಗೆ ಕರೆದು ತೋರಿಸಿದಾಗ ಅವಳ ಕಣ್ಣು ಕೆಂಪಾಗಿತ್ತು. ಅಷ್ಟು ಗಟ್ಟಿ ಹೆಂಗಸು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಮ್ಮ ವರ್ಕ್‌ಶಾಪಿಗೆ ಕೊಡು, ನಾನು ನೋಡಿಕೊಳ್ಳುತ್ತೇನೆ ಎಂದೆ. ಹಾಗೆ ಹೇಳಿದ್ದು ನಾನೇ, ಯಾರೂ ಬಲವಂತ ಮಾಡಿರಲಿಲ್ಲ. ಅವಳು ತಕ್ಷಣ ಒಪ್ಪಲಿಲ್ಲ. ಊರಿನ ಮಾವನಿಗೆ ಫೋನ್ ಮಾಡಿ ಕೇಳಿದಳು. ಅವರು ಕೆಲವು ಕಟ್ಟುಪಾಡು ಹೇಳಿ ಒಪ್ಪಿದರು. ಹತ್ತಿರ ಯಾರೂ ತಿನ್ನಬಾರದು, ಕುಡಿಯಬಾರದು. ನೆಲದ ಮೇಲೆ ಇಡಬಾರದು. ಹೊಟ್ಟನ್ನು ಊದಬಾರದು. ಫೋಟೋ ತೆಗೆಯಬಾರದು. ಇದೆಲ್ಲದಕ್ಕೂ ನಾನು ಮಾತು ಕೊಟ್ಟೆ. ಅರೋಹಾ ನನ್ನ ಕೈ ಹಿಡಿದುಕೊಂಡು, ನಿನ್ನನ್ನು ನಂಬಿ ಅಜ್ಜಿಯನ್ನು ಕಳಿಸುತ್ತಿದ್ದೇನೆ ಎಂದಳು.

ನಮ್ಮಲ್ಲಿ ಹಮೀದಾಕ ಎಂಬ ಹಿರಿಯ ಬಡಗಿ ಇದ್ದರು, ಉಪ್ಪಿನಂಗಡಿಯ ಬ್ಯಾರಿ. ಕೆಲಸ ಶುರು ಮಾಡುವ ದಿನ ಅರೋಹಾ ವರ್ಕ್‌ಶಾಪಿಗೆ ಬಂದು ಮೊಬೈಲ್ ಹಿಡಿದು ನಿಂತಳು. ಪರದೆಯಲ್ಲಿ ಬಿಳಿಗೂದಲಿನ ಅವಳ ಮಾವ ಕಣ್ಣು ಮುಚ್ಚಿ ಮಂತ್ರದಂಥದ್ದನ್ನು ಹೇಳಿದರು. ಹಮೀದಾಕ ಅದು ಮುಗಿಯುವವರೆಗೆ ಟೋಪಿ ಸರಿಮಾಡಿಕೊಂಡು ಕೈಕಟ್ಟಿ ನಿಂತರು. ಆಮೇಲೆ ತಮ್ಮ ಬಿಸ್ಮಿಲ್ಲಾ ಹೇಳಿ ಉಳಿ ಎತ್ತಿಕೊಂಡರು. ನಿಮಗೆ ಇದರಿಂದ ಏನೂ ತೊಂದರೆ ಇಲ್ಲ ತಾನೆ ಎಂದು ನಾನು ಮೊದಲೇ ಕೇಳಿದ್ದೆ.

"ಎಂತ ತೊಂದರೆ? ನಾನು ಪೂಜೆ ಮಾಡುದಿಲ್ಲ, ಬಿರುಕು ಮುಚ್ಚುದು ಅಷ್ಟೇ" ಎಂದಿದ್ದರು. "ಅವರಿಗೆ ಅಜ್ಜಿ ಅಂದ್ರೆ ಅಜ್ಜಿ. ಮರ್ಯಾದೆಯಲ್ಲಿ ಮಾಡುವಾ."

ಹಾಗೆಯೇ ಮಾಡಿದರು. ಬೇರೆಯೇ ಬೆಂಚು ಹಾಕಿಸಿ ಸುತ್ತ ಬಟ್ಟೆ ಕಟ್ಟಿಸಿದರು. ಚಹಾ ಲೋಟ ಹಿಡಿದು ಹತ್ತಿರ ಬಂದವರನ್ನೆಲ್ಲ ಆಚೆ ಅಟ್ಟಿದರು. ಬಡಗಿಗಳಿಗೆ ಬಾಯಿಂದ ಊದುವುದು ಉಸಿರಾಡುವಷ್ಟೇ ರೂಢಿ. ಹಮೀದಾಕ ಆ ದಿನಗಳಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಸಣ್ಣ ಬ್ರಷ್ಷಿನಿಂದಲೇ ಪುಡಿ ತೆಗೆದರು. ಬಿರುಕು ಮುಚ್ಚಿ ಬಣ್ಣ ಕೂಡಿಸಿದ ಮೇಲೆ ಎಲ್ಲಿ ಒಡೆದಿತ್ತೆಂದು ಹುಡುಕಿದರೂ ಕಾಣುತ್ತಿರಲಿಲ್ಲ. ಅರೋಹಾ ಬಂದು ಅಜ್ಜಿಯ ಹಣೆಗೆ ಹಣೆ, ಮೂಗಿಗೆ ಮೂಗು ಸೋಕಿಸಿ ತುಂಬ ಹೊತ್ತು ನಿಂತಳು. ಆಮೇಲೆ ನನಗೂ ಹಾಗೆಯೇ ಮಾಡಿದಳು. ಅವರಲ್ಲಿ ಅದು ಉಸಿರು ಹಂಚಿಕೊಳ್ಳುವುದಂತೆ. ನಾನು ಹೆಮ್ಮೆಯಿಂದ ಬೀಗಿಬಿಟ್ಟೆ.

ಆ ಹೆಮ್ಮೆ ಹೆಚ್ಚು ದಿನ ಉಳಿಯಲಿಲ್ಲ. ಸಮುದ್ರದ ಬದಿಯಲ್ಲಿ ಹೊಸದಾಗಿ ತೆರೆಯುತ್ತಿದ್ದ ಒಂದು ರೆಸ್ಟೋರೆಂಟಿನ ಕೆಲಸ ನಮಗೆ ಸಿಕ್ಕಿತ್ತು. ಎಲ್ಲವೂ ಪೆಸಿಫಿಕ್ ದ್ವೀಪಗಳ ಶೈಲಿಯಲ್ಲಿ ಬೇಕೆಂದು ಅವರ ಬೇಡಿಕೆ. ಅವರಿಗೆ ಹೋಗಬೇಕಿದ್ದ ಸಾಮಾನುಗಳನ್ನು ನೋಡಲು ಪ್ಯಾಕಿಂಗ್ ಕೋಣೆಗೆ ಹೋದೆ. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಊಟ ಬಡಿಸುವ ಮರದ ಹಲಗೆಗಳನ್ನು ಸಾಲಾಗಿ ಜೋಡಿಸಿದ್ದರು. ಮೇಲಿನದನ್ನು ಎತ್ತಿ ನೋಡಿದೆ. ಅದೊಂದು ಮುಖ. ಕಣ್ಣುಗಳ ಜಾಗದಲ್ಲಿ ಚಟ್ನಿಯ ಬಟ್ಟಲು ಕೂರಿಸಲು ಎರಡು ಗುಂಡಿ. ಕಬಾಬಿನ ಎಣ್ಣೆ ಹರಿಯಲು ಸುತ್ತಲೂ ಕಾಲುವೆ. ಗಲ್ಲದ ಮೇಲೆ ಗೆರೆಗಳು.

ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಬೆರಳಾಡಿಸುತ್ತಿದ್ದವಳಿಗೆ ಹಣೆಯಿಂದ ಎಡಗಣ್ಣಿನ ಪಕ್ಕಕ್ಕೆ ಇಳಿದು, ಗಲ್ಲದ ಹತ್ತಿರ ಕೊಕ್ಕೆಯ ಹಾಗೆ ತಿರುಗಿದ ಗೆರೆ ಸಿಕ್ಕಿತು. ಅದು ಕೆತ್ತನೆಯ ಗೆರೆಯಲ್ಲ, ಬಿರುಕು. ಅಜ್ಜಿಯ ಬಿರುಕು. ಇದ್ದದ್ದನ್ನು ಇದ್ದ ಹಾಗೆಯೇ ನಕಲು ಕೊರೆಯುವ ನಮ್ಮ ವರ್ಕ್‌ಶಾಪಿನ ಯಂತ್ರಕ್ಕೆ ಕೆತ್ತನೆ ಯಾವುದು, ಗಾಯ ಯಾವುದು ಎಂದು ಗೊತ್ತಿಲ್ಲ. ಎರಡನ್ನೂ ನಿಷ್ಠೆಯಿಂದ ಕೊರೆದಿತ್ತು. ಪೆಟ್ಟಿಗೆಯ ಪ್ರತಿಯೊಂದು ಹಲಗೆಯ ಮೇಲೂ ಅದೇ ಬಿರುಕು.

ಹಲಗೆ ಹಿಡಿದುಕೊಂಡೇ ಬಾಸಿನ ಕ್ಯಾಬಿನ್ನಿಗೆ ನುಗ್ಗಿದೆ. ಪ್ರವೀಣಣ್ಣ ಮೊದಲು ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಡಿಸೈನ್ ಎಂದರು. ಬಿರುಕು ತೋರಿಸಿದೆ. ಇಂಟರ್ನೆಟ್ಟಿಗೂ ನಮ್ಮ ಅಲ್ ಥುಮಾಮಾದ ಏಸಿ ಗಾಳಿ ತಾಗಿತಾ ಎಂದು ಕೇಳಿದೆ. ಆಗ ನಕ್ಕುಬಿಟ್ಟರು. ವಾರದ ರಜೆಯಲ್ಲಿ ನಾವು ಯಾರೂ ಇಲ್ಲದಾಗ, ರಿಪೇರಿ ಶುರುವಾಗುವ ಮೊದಲೇ, ಮೂರ್ತಿಯನ್ನು ಸ್ಕ್ಯಾನ್ ಮಾಡಿಸಿದ್ದರಂತೆ. ಅಷ್ಟು ಒಳ್ಳೆಯ ಪೀಸ್ ಮನೆಬಾಗಿಲಿಗೆ ಬಂದಿರುವಾಗ ಬಿಡುವುದುಂಟಾ ಎಂದು ನನ್ನನ್ನೇ ಕೇಳಿದರು. ನಾನು ಮಾತು ಕೊಟ್ಟಿದ್ದೆ ಎಂದರೆ, ನೀನು ಕೊಟ್ಟದ್ದು, ಕಂಪನಿ ಕೊಟ್ಟದ್ದಲ್ಲ ಎಂದರು. ಅದು ಅವರ ಹಿರಿಯರು, ಆ ತಲೆಯ ಮೇಲೆ ಊಟ ಬಡಿಸಿದರೆ ಅವರಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನಿಲ್ಲ ಎಂದು ಬಿಡಿಸಿ ಹೇಳಿದೆ.

"ಮರ ಅಲ್ವಾ ಮಾರಾಯ್ತಿ" ಎಂದರು. "ದೋಹಾದಲ್ಲಿ ಮಾವೋರಿಗಳು ಎಷ್ಟು ಜನ ಇದ್ದಾರೆ? ಯಾರಿಗೆ ಗೊತ್ತಾಗ್ತದೆ? ನಿನಗೆ ಎಂತಕ್ಕೆ ಇಷ್ಟು ಬಿಸಿ?"

ಸಂಜೆ ಮನೆಯಲ್ಲಿ ರಮೇಶರೂ ಸುಮಾರಾಗಿ ಅದನ್ನೇ ಹೇಳಿದರು, ಸ್ವಲ್ಪ ಮೆತ್ತಗೆ. ಈಗ ಕೆಲಸ ಬಿಟ್ಟರೆ ಇನ್ನೊಂದು ಸಿಗುವ ಕಾಲವಲ್ಲ, ಅರೋಹಾ ಆ ರೆಸ್ಟೋರೆಂಟಿಗೆ ಹೋಗುವುದೂ ಇಲ್ಲ, ಅವಳಿಗೆ ಹೇಳಿ ಸುಮ್ಮನೆ ನೋಯಿಸುವುದು ಯಾಕೆ ಎಂದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಅವರ ಹಳೆಯ ದೂರು. ಅವತ್ತು ಅದು ನೆತ್ತಿಗೇರಿತು. ಅವಳಿಗೆ ಗೊತ್ತಾಗದಿದ್ದರೆ ತಪ್ಪು ತಪ್ಪಲ್ಲ ಎಂದಾದರೆ, ದೇವಸ್ಥಾನದ ಹುಂಡಿ ಕದ್ದವನೂ ಸಾಚಾನೇ ಎಂದೆ. ಎದ್ದು ಹೋಗಿ ಎದುರು ಮನೆಯ ಬೆಲ್ ಒತ್ತಿದೆ.

ಅರೋಹಾಳಿಗೆ ಎಲ್ಲ ಹೇಳಿದೆ. ಅವಳು ಬೈದಿದ್ದರೆ, ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ಸುಮ್ಮನೆ ಕೇಳಿದಳು. ಕಣ್ಣಿನ ಗುಂಡಿಗಳ ವಿಷಯ ಬಂದಾಗ ಒಮ್ಮೆ ಕಣ್ಣು ಮುಚ್ಚಿದಳು. ಮುಗಿದ ಮೇಲೆ, ತಡಿ, ಮೊದಲು ಇವರಿಗೆ ಹೇಳಬೇಕು ಎಂದು ಅಜ್ಜಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ತನ್ನ ಭಾಷೆಯಲ್ಲಿ, ಮೆಲುದನಿಯಲ್ಲಿ, ಮನೆಯ ಹಿರಿಯರಿಗೆ ಕೆಟ್ಟ ಸುದ್ದಿ ತಿಳಿಸುವಾಗ ನಾವು ಹೇಗೆ ಬಳಸಿ ಬಳಸಿ ಹೇಳುತ್ತೇವೋ ಹಾಗೆ ಹೇಳಿದಳು. ನನಗೆ ಒಂದು ಶಬ್ದವೂ ಅರ್ಥವಾಗಲಿಲ್ಲ. ಆದರೂ ಮುಗಿಯುವವರೆಗೆ ಕೈಮುಗಿದುಕೊಂಡೇ ನಿಂತೆ.

ಮರುದಿನ ಬೆಳಿಗ್ಗೆ ಅವಳು ರಜೆ ಹಾಕಿ ನನ್ನ ಜೊತೆ ಆಫೀಸಿಗೆ ಬಂದಳು. ಅಜ್ಜಿಯನ್ನೂ ಒಳ್ಳೆಯ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂದಿದ್ದಳು. ಹೇಳುವುದೇನಿದ್ದರೂ ಇವರ ಮುಖ ನೋಡಿ ಹೇಳಲಿ ಎಂದಳು. ಪ್ರವೀಣಣ್ಣ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೂರಿಸಿ, ಚಹಾ, ಬಿಸ್ಕತ್ತು ತರಿಸಿದರು. ಆ ಟ್ರೇಯನ್ನು ಅಜ್ಜಿಯ ಎದುರೇ ಇಡಿಸಿದರು. ನಾನು ಟ್ರೇ ಎತ್ತಿ ಹೊರಗೆ ಇಟ್ಟು ಬಂದೆ. ಅವರು ನನ್ನನ್ನು ಕೆಕ್ಕರಿಸಿ ನೋಡಿದರು.

ಮೇಡಂ, ನಿಮ್ಮ ಸಂಸ್ಕೃತಿಯನ್ನು ಕತಾರಿನಲ್ಲಿ ಪ್ರಚಾರ ಮಾಡಬೇಕೆಂದೇ ಇದನ್ನು ಮಾಡಿದ್ದು ಎಂದು ಅವರು ಇಂಗ್ಲಿಷಿನಲ್ಲಿ ಶುರು ಮಾಡಿದರು. ಇಂಥ ಸುಳ್ಳನ್ನು ನಾಲಗೆ ತಡವರಿಸದೆ ಹೇಗೆ ಹೇಳುತ್ತಾರೋ. ನಿಮ್ಮ ಕಲೆಗೆ ರಾಯಲ್ಟಿ ಕೊಡಲೂ ತಯಾರಿದ್ದೇನೆ ಎಂದರು.

"ಇದು ನನ್ನ ಕಲೆಯಲ್ಲ" ಎಂದಳು ಅರೋಹಾ. "ಇವರು ನನ್ನ ಅಜ್ಜಿ. ಇವರ ತಲೆಯ ಮೇಲೆ ಊಟ ಬಡಿಸಬೇಡಿ ಎಂದು ಕೇಳಲು ಬಂದಿದ್ದೇನೆ."

ಅರ್ಥವಾಗುತ್ತದೆ ಮೇಡಂ, ಆದರೆ ಅದು ಬರೀ ಡೆಕೊರೇಷನ್ ಎಂದು ಪ್ರವೀಣಣ್ಣ ಮತ್ತೆ ಹಲ್ಲು ಬಿಟ್ಟರು. ನನಗೆ ಇನ್ನು ತಡೆಯಲಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡು ನಮ್ಮ ಭಾಷೆಗೆ ಇಳಿದೆ.

"ಪ್ರವೀಣಣ್ಣ, ನಿಮ್ಮ ತರವಾಡಿನ ಚಾವಡಿಯಲ್ಲಿ ದೈವದ ಮರದ ಮೂರ್ತಿ ಉಂಟಲ್ಲ" ಎಂದೆ. "ಅದನ್ನೂ ಸ್ಕ್ಯಾನ್ ಮಾಡಿಸುವ. ಕಣ್ಣಿನ ಜಾಗದಲ್ಲಿ ಎರಡು ಗುಂಡಿ ತೋಡಿಸುವ. ಒಂದರಲ್ಲಿ ಪುದೀನ ಚಟ್ನಿ, ಒಂದರಲ್ಲಿ ಬೆಳ್ಳುಳ್ಳಿ. ಮೂಗಿನ ಮೇಲೆ ಕಬಾಬ್ ಇಟ್ಟು ಬಡಿಸುವ. ಅದೂ ಮರವೇ ಅಲ್ವಾ?"

ಅವರ ಮುಖದಲ್ಲಿ ರಕ್ತ ಇಳಿದುಹೋಯಿತು. ಬಾಯಿ ಮುಚ್ಚು ಎಂದರು, ಆದರೆ ಆ ಮಾತಿನಲ್ಲಿ ಬಲ ಇರಲಿಲ್ಲ. ಕೈ ತಾನಾಗಿಯೇ ಕೊರಳಿನ ಚೈನಿನಲ್ಲಿದ್ದ ತಾಯಿತಕ್ಕೆ ಹೋಯಿತು. ಅಲ್ಲಿಯವರೆಗೆ ಬರೀ ಪೀಸ್ ಆಗಿದ್ದ ಅಜ್ಜಿಯನ್ನು ಮೊದಲ ಸಲ ನೋಡಿದರು. ಆ ಚಿಪ್ಪಿನ ಕಣ್ಣುಗಳು ಟ್ಯೂಬ್‌ಲೈಟಿನ ಬೆಳಕಿಗೆ ಮಿಂಚುತ್ತಿದ್ದವು. ಮೆಲ್ಲಗೆ ಮೇಜಿನ ಕೆಳಗೆ ಚಪ್ಪಲಿ ಕಳಚಿಟ್ಟರು. ಆರ್ಡರ್ ಖಲಾಸ್, ಒಂದು ಹಲಗೆಯೂ ಹೊರಗೆ ಹೋಗುವುದಿಲ್ಲ ಎಂದರು. ನನಗೆ ಆ ಕ್ಷಣ, ಪರವಾಗಿಲ್ಲ, ಮನುಷ್ಯನಿಗೆ ಕೊನೆಗೂ ತಿಳಿಯಿತು ಎನಿಸಿತು. ಎಂಥ ಪೆದ್ದಿ ನಾನು.

ಏಕೆಂದರೆ ಅವರ ಮುಂದಿನ ಮಾತು ಬೇರೆಯೇ ಇತ್ತು. ಹಿಂದಿನ ವಾರ ಕಂಪನಿಯ ಗಾಡಿಗೆ ಡಿಕ್ಕಿಯಾದದ್ದು, ಹೆಂಡತಿಗೆ ಜ್ವರ ಬಿಡದೇ ಇರುವುದು ಎಲ್ಲ ಅವರಿಗೆ ಒಟ್ಟೊಟ್ಟಿಗೆ ನೆನಪಾಗಿತ್ತು. ನನ್ನ ಕಡೆ ಬಾಗಿ ತುಳುವಿನಲ್ಲಿ, ಇದರಿಂದ ಮನೆಗೆ ಏನಾದರೂ ತೊಂದರೆ ಉಂಟಾ ಕೇಳು, ಪರಿಹಾರಕ್ಕೆ ಅವರಲ್ಲಿ ಎಂತ ಮಾಡುವುದು ಕೇಳು, ಎಷ್ಟು ಖರ್ಚಾದರೂ ಅಡ್ಡಿಯಿಲ್ಲ ಎಂದರು. ಅವರು ಹೇಳಿದ್ದನ್ನು ನಾನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿದೆ. ಅರೋಹಾ ಅವರನ್ನು ಒಂದು ಕ್ಷಣ ದಿಟ್ಟಿಸಿ ನೋಡಿದಳು.

"ಇವರು ಯಾರಿಗೂ ಕೆಡುಕು ಮಾಡುವವರಲ್ಲ" ಎಂದಳು. "ಇವರು ಅಜ್ಜಿ. ಇವರಿಗೆ ನೋವಾಗಿದೆ. ಅಷ್ಟೇ. ಇವರ ಹತ್ತಿರ ಒಂದು ಕ್ಷಮೆ ಕೇಳಿದರೆ ಸಾಕು."

ಏನೂ ಆಗುವುದಿಲ್ಲವಾ ಎಂದು ಪ್ರವೀಣಣ್ಣ ಮತ್ತೊಮ್ಮೆ ಖಚಿತ ಮಾಡಿಕೊಂಡರು. ಏನೂ ಇಲ್ಲ ಎಂದಳು. ಆಗ ನಾನು ಕಣ್ಣಾರೆ ನೋಡಿದ್ದನ್ನು ಸಾಯುವವರೆಗೆ ಮರೆಯಲಾರೆ. ಅವರ ಮುಖಕ್ಕೆ ಬಣ್ಣ ವಾಪಸು ಬಂತು. ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಕಾಲಿನಿಂದ ತಡಕಿ ಚಪ್ಪಲಿ ಹಾಕಿಕೊಂಡರು. ಮೊಬೈಲ್ ನೋಡುತ್ತಲೇ, ಓಕೆ ಓಕೆ, ಸಾರಿ ಮೇಡಂ ಎಂದರು. ಅರೋಹಾಳಿಗೆ ಹೇಳಿದರು, ಅಜ್ಜಿಗಲ್ಲ. ಮೀಟಿಂಗ್ ಇದೆ ಎಂದು ಎದ್ದು ಹೋದರು.

ಆರ್ಡರ್ ಮಾತ್ರ ನಿಂತಿತು. ಅರೋಹಾ ಮಾವನನ್ನು ಕೇಳಿದಳು. ಅವರು ಹೇಳಿದ ಹಾಗೆ ಹಮೀದಾಕ ಎಲ್ಲ ಹಲಗೆಗಳ ಮುಖವನ್ನೂ ಹೆರೆದು ತೆಗೆದರು. ಆಗಲೂ ಊದಲಿಲ್ಲ. ಹೊಟ್ಟನ್ನೆಲ್ಲ ಗುಡಿಸಿ ಚೀಲದಲ್ಲಿ ತುಂಬಿಸಿಕೊಟ್ಟರು. ಅರೋಹಾ ಮತ್ತು ನಾನು ಅದನ್ನು ನಮ್ಮ ಬಿಲ್ಡಿಂಗಿನ ಹಿಂದಿನ ಬೇವಿನ ಮರದ ಬುಡಕ್ಕೆ ಹಾಕಿದೆವು. ಪ್ರವೀಣಣ್ಣ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ಕ್ಯಾಬಿನ್ನಿಗೆ ಕಾಲಿಡುವಾಗೆಲ್ಲ ನನಗೆ ಅವರು ಚಪ್ಪಲಿ ತಡಕಿ ಹಾಕಿಕೊಂಡದ್ದೇ ನೆನಪಾಗುತ್ತಿತ್ತು. ಕೊನೆಗೆ ದೋಹಾ ಅಲ್ ಜದೀದಾದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿ ನಾನೇ ಬಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ಬಹುಶಃ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ರಮೇಶರ ಸಹೋದ್ಯೋಗಿಯೊಬ್ಬರು ಮಗಳ ಹುಟ್ಟುಹಬ್ಬಕ್ಕೆ ಅದೇ ಸಮುದ್ರದ ಬದಿಯ ರೆಸ್ಟೋರೆಂಟಿಗೆ ಕರೆದರು. ಹೊರಗೆ ತಂಪು ಗಾಳಿ, ಉದ್ದದ ಮೇಜು, ಮಕ್ಕಳ ಗಲಾಟೆ. ವೇಟರ್ ಬಂದು ಮಿಕ್ಸೆಡ್ ಗ್ರಿಲ್ ತಂದಿಟ್ಟ. ಎಲ್ಲರೂ ಕೈ ಹಾಕಿದರು. ನಾನೂ ಒಂದು ತುಂಡು ಎತ್ತಿದೆ. ಅದರ ಕೆಳಗೆ ಗಲ್ಲದ ಗೆರೆಗಳು, ಗೆರೆಗಳ ಪಕ್ಕದಲ್ಲಿ ಕೊಕ್ಕೆಯ ಹಾಗೆ ತಿರುಗಿದ ಬಿರುಕು. ಒಂದು ಕಣ್ಣಿನಲ್ಲಿ ಪುದೀನ ಚಟ್ನಿ, ಇನ್ನೊಂದರಲ್ಲಿ ಬೆಳ್ಳುಳ್ಳಿಯದು. ನಾನು ಬಾಸಿಗೆ ವ್ಯಂಗ್ಯವಾಗಿ ಹೇಳಿದ್ದು ಅಕ್ಷರಶಃ ನನ್ನ ಎದುರಿಗಿತ್ತು.

ಆಮೇಲೆ ತಿಳಿಯಿತು. ಮಾದರಿಗೆಂದು ಮೊದಲೇ ಕೊಟ್ಟಿದ್ದ ಕೆಲವು ಹಲಗೆಗಳು ಅಲ್ಲಿಯೇ ಇದ್ದವು. ಒಂದು ಹಲಗೆಯೂ ಹೊರಗೆ ಹೋಗುವುದಿಲ್ಲ ಎಂದು ಅಜ್ಜಿಯ ಮುಂದೆ ಹೇಳುವಾಗ ಪ್ರವೀಣಣ್ಣನಿಗೆ ಅದು ಗೊತ್ತಿತ್ತು. ಅಷ್ಟು ಹೆದರಿದ್ದ ಹೊತ್ತಿನಲ್ಲೂ ಆ ಮಾದರಿ ಹಲಗೆಗಳ ಮಾತು ಬಾಯಿಗೆ ಬರಲಿಲ್ಲ. ಏನೂ ಆಗುವುದಿಲ್ಲ ಎಂದು ತಿಳಿದ ಮೇಲಂತೂ ವಾಪಸು ತರಿಸುವ ಗೊಡವೆಗೇ ಹೋಗಲಿಲ್ಲ.

ನಾನು ಎದ್ದು ಕಬಾಬುಗಳನ್ನೆಲ್ಲ ತಟ್ಟೆಗಳಿಗೆ ಸುರಿದೆ. ಮೇಜಿನವರು ನನಗೆ ಏನೋ ಆಯಿತೆಂದುಕೊಂಡರು. ರಮೇಶ ಮಾತ್ರ ಹಲಗೆಯನ್ನು ನೋಡಿ, ನನ್ನನ್ನು ನೋಡಿ, ತಮ್ಮ ನೀರಿನ ಬಾಟಲಿ ಮುಂದೆ ಚಾಚಿದರು. ಹಲಗೆಯನ್ನು ಹಿಡಿದು ಸಮುದ್ರದ ಕಟ್ಟೆಯವರೆಗೆ ಹೋದೆ. ಅಲ್ಲಿ ನಿಂತು ನೀರು ಹನಿಸಿ, ಕಣ್ಣಿನ ಗುಂಡಿಗಳಿಂದ ಚಟ್ನಿ ತೊಳೆದೆ. ಗಲ್ಲದ ಗೆರೆಗಳಲ್ಲಿ ಎಣ್ಣೆ ಕೂತಿತ್ತು. ದುಪಟ್ಟಾದ ತುದಿಯಿಂದ ಒಂದೊಂದೇ ಗೆರೆ ಒರೆಸಿದೆ. ಒರೆಸುತ್ತ "ತಪ್ಪಾಂಡ್ ಅಜ್ಜಿ" ಎಂದೆ. ತಪ್ಪಾಯಿತು ಅಜ್ಜಿ ಎಂದು, ತುಳುವಿನಲ್ಲಿ. ಬೇರೆ ಭಾಷೆ ಆಗ ಬಾಯಿಗೆ ಬರಲಿಲ್ಲ.

ರೆಸ್ಟೋರೆಂಟಿನ ಮ್ಯಾನೇಜರ್ ಓಡಿ ಬಂದ. ಏನು ಸಮಸ್ಯೆ ಮೇಡಂ, ಅದು ಬರೀ ಮರ ಎಂದ. ಹೌದಲ್ಲ, ಬರೀ ಮರವೇ ಆದರೆ ಕೊಟ್ಟುಬಿಡಲು ನಿನಗೇನು ಕಷ್ಟ ಎಂದೆ. ನನ್ನ ದನಿ ಎಷ್ಟು ಏರಿತ್ತೋ ಗೊತ್ತಿಲ್ಲ, ಸುತ್ತಲಿನ ಮೇಜಿನವರೆಲ್ಲ ತಿನ್ನುವುದು ನಿಲ್ಲಿಸಿದ್ದರು. ಅವನು ಉಳಿದ ಹಲಗೆಗಳನ್ನೂ ತರಿಸಿಕೊಟ್ಟ.

ಊಟ ತಾಗಿದವುಗಳನ್ನು ಅಜ್ಜಿ ಇರುವ ಮನೆಯೊಳಗೆ ಒಯ್ಯುವುದು ಸರಿಯೋ ಅಲ್ಲವೋ ತಿಳಿಯದೆ ಕಾರಿನಲ್ಲೇ ಇಟ್ಟು, ಅರೋಹಾಳಿಗೆ ಫೋನ್ ಮಾಡಿದೆ. ಅವಳು ಕೆಳಗೆ ಇಳಿದು ಬಂದಳು. ನಡೆದದ್ದನ್ನೆಲ್ಲ ಕೇಳಿ, ಇವರ ಹತ್ತಿರ ಏನಾದರೂ ಹೇಳಿದೆಯಾ ಎಂದು ಕೇಳಿದಳು. ಹೇಳಿದೆ, ಆದರೆ ನನ್ನ ಭಾಷೆಯಲ್ಲಿ, ಅವರಿಗೆ ಅರ್ಥವಾಯಿತೋ ಇಲ್ಲವೋ ಎಂದೆ. ಆಗಿರುತ್ತದೆ ಎಂದಳು. ಇಷ್ಟೆಲ್ಲ ಆಗುವಾಗ ಒಂದು ಸಲವೂ ದನಿ ಏರಿಸದಿದ್ದ ಹೆಂಗಸು ಹಲಗೆಗಳನ್ನು ಎದೆಗೆ ಒತ್ತಿಕೊಂಡು, ಕಾರಿಗೆ ಒರಗಿ ಅತ್ತಳು.

ಪ್ರವೀಣಣ್ಣ ಈಗಲೂ ವರ್ಷಾ ವರ್ಷಾ ಊರಿಗೆ ಹೋಗುತ್ತಾರೆ. ಚಾವಡಿಯ ಮೂರ್ತಿಯ ಮುಂದೆ ಕೈಮುಗಿದು ನಿಂತ ಫೋಟೋ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬರುತ್ತದೆ. ಅವರ ನಂಬರ್ ಅಳಿಸು ಎಂದು ರಮೇಶ ಹೇಳುತ್ತಾರೆ. ನಾನು ಅಳಿಸುವುದಿಲ್ಲ, ಬೇಕೆಂದೇ ನೋಡುತ್ತೇನೆ. ಅವರು ಕೈಮುಗಿಯುತ್ತಿರುವುದು ಹಿರಿಯರಿಗಲ್ಲ, ಹೆದರಿಕೆಗೆ. ನಿಮ್ಮ ದೈವವೂ ಏನೂ ಮಾಡುವುದಿಲ್ಲ ಎಂದು ನಾಳೆ ಯಾರಾದರೂ ಖಾತ್ರಿ ಕೊಟ್ಟರೆ, ಅದರ ಕಣ್ಣಿನಲ್ಲೂ ಚಟ್ನಿಗೆ ಗುಂಡಿ ತೋಡುವ ಜನ ಅವರು. ಅರೋಹಾಳ ಅಜ್ಜಿ ಯಾರಿಗೂ ಏನೂ ಮಾಡಲಿಲ್ಲ. ಅದಕ್ಕೇ ಅವರಿಗಾಗಿ ಸಿಟ್ಟು ಮಾಡಿಕೊಳ್ಳಲು ಒಬ್ಬಳಾದರೂ ಇರಲಿ ಎಂದು ಈ ಸಿಟ್ಟನ್ನು ಹಾಗೇ ಇಟ್ಟುಕೊಂಡಿದ್ದೇನೆ.